ಒಂದು ಬೆರಳು ಸಡಿಲ ಬಿಟ್ಟ ಪಟಕಾ

ಮೊನ್ನೆ ಕಪಾಟಿನ ಮೇಲಿನ ಖಾನೆಯಿಂದ ಒಂದು ಗಂಟು ಇಳಿಸಿದೆ. ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಕಟ್ಟಿಟ್ಟಿದ್ದು. ಬಿಚ್ಚುತ್ತಲೇ ಗಂಜಿಯ ವಾಸನೆ ಮೂಗಿಗೆ ಅಡರಿತು. ಗಂಜಿ, ಅದರ ಬೆನ್ನಿಗೆ ಕರ್ಪೂರ, ಅದರೊಳಗೆಲ್ಲೋ ಅಡಗಿ ಕೂತ ಎಲೆ-ಅಡಿಕೆ... ಒಳಗಿದ್ದದ್ದು ಕೇಸರಿ ಬಣ್ಣದ ಒಂದು ಪಟಕಾ. ಸುತ್ತಿದ್ದು ಸುತ್ತಿದ ಹಾಗೆಯೇ ಕೂತಿದೆ, ಚುಂಗು ಮಾತ್ರ ಒಂದಿಷ್ಟು ಬಾಗಿದೆ. ಅದನ್ನು ಎರಡೂ ಕೈಯಲ್ಲಿ ಹಿಡಿದು, ಮೂಗಿಗೆ ಒತ್ತಿಕೊಂಡು ನಿಂತೇಬಿಟ್ಟೆ. ಬೈಲಹೊಂಗಲದ ಪೇಟೆಯಲ್ಲಿ ಸ್ಕ್ಯಾನಿಂಗ್ ಸೆಂಟರ್ ನಡೆಸುವ ಡಾಕ್ಟರಮ್ಮ ಮುಂಡಾಸಿನ ವಾಸನೆ ನೋಡುತ್ತ ನಿಂತಿದ್ದಾಳೆ ಎಂದರೆ ಮಂದಿ ಏನಂದಾರು! ಅನ್ನಲಿ ಬಿಡಿ. ಆ ವಾಸನೆ ಪಟಕಾದ ಕಾಕಾ ಅವರದು. ಗಂಟು ಇಳಿಸಿದ್ದಕ್ಕೂ ಒಂದು ಕಾರಣವಿತ್ತು, ಅದನ್ನು ಕೊನೆಗೆ ಹೇಳುತ್ತೇನೆ.

ರಾಮದುರ್ಗದಲ್ಲಿ ನಮ್ಮ ತವರುಮನೆಯ ಗೋಡೆಗೆ ಗೋಡೆ ಹತ್ತಿದ ಮನೆ ಕಾಕಾ ಅವರದು. ನೆಂಟರಲ್ಲ, ಆದರೆ ನಮ್ಮ ಮನೆಯ ಯಾವ ಸುದ್ದಿಯೂ ಅವರ ಕಟ್ಟೆ ತಪ್ಪಿಸಿ ಹೋದದ್ದಿಲ್ಲ. ಅವರದು ಒಂದು ಅರಿವೆ ಅಂಗಡಿ ಇತ್ತು, ಆದರೆ ಹೆಸರು ಬಂದದ್ದು ಪಟಕಾದಿಂದ. ಮದುವೆಯಲ್ಲಿ ಮದುಮಗನಿಗೆ, ಬೀಗರಿಗೆ, ಹಿರಿಯರಿಗೆ ಪಟಕಾ ಸುತ್ತುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅರಿವೆಯ ಒಂದು ತುದಿಯನ್ನು ಯಾರಿಗಾದರೂ ಹಿಡಿಸಿ ಹಂದರದ ಆ ಮೂಲೆಗೆ ಓಡಿಸುತ್ತಿದ್ದರು, ಈ ತುದಿಯಿಂದ ಹುರಿ ಹಾಕುತ್ತ ಬಂದು ಕಿವಿಯ ಮೇಲಿಂದ ಹಣೆಗೆ, ಹಣೆಯಿಂದ ಹಿಂದಕ್ಕೆ, ಒಂದರ ಮೇಲೊಂದು ನಿರಿಗೆ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬೋಳು ತಲೆಯವನೂ ದೇಸಾಯಿ ಆಗಿಬಿಡುತ್ತಿದ್ದ. ಸವದತ್ತಿ, ಕಿತ್ತೂರು, ಬೈಲಹೊಂಗಲ, ಎಲ್ಲಿಯ ಮದುವೆಯಾದರೂ ಕಾಕಾ ಅವರನ್ನು ಮೊದಲು ಕೇಳಿ ಆಮೇಲೆ ಮುಹೂರ್ತ ಇಡುತ್ತಿದ್ದರು. ಇದಕ್ಕೆ ಸ್ವಲ್ಪ ಉಪ್ಪು-ಖಾರ ನಾನು ಹಚ್ಚಿದ್ದೇನೆ, ಆದರೆ ಬಹಳ ಹಚ್ಚಿಲ್ಲ.

ನಾನು ಸಾಲೆಗೆ ಹೋಗುತ್ತಿದ್ದಾಗ ಅಣ್ಣನ ಮದುವೆಯಾಯಿತು. ಹಂದರದಲ್ಲಿ ಗಂಡಸರೆಲ್ಲ ಸಾಲು ಹಿಡಿದು ಪಟಕಾ ಸುತ್ತಿಸಿಕೊಳ್ಳುತ್ತಿದ್ದರು. ನಾನೂ ಹೋಗಿ ಮಣೆಯ ಮೇಲೆ ಕೂತೆ. ಕಾಕಾ ನನ್ನ ತಲೆ ಸವರಿ, "ಹೆಣ್ಣಮಕ್ಕಳ ತಲಿ ಮ್ಯಾಲ ಮೊದಲ ಏನ್ ಕಮ್ಮಿ ಭಾರ ಐತಿ ಮಗಳ? ಅದರ ಮ್ಯಾಲ ಇದೊಂದು ಬ್ಯಾಡ, ಏಳು" ಅಂದರು. ಇಡೀ ಹಂದರ ಗೊಳ್ಳೆಂದು ನಕ್ಕಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ! ಊಟ ಬಿಟ್ಟು ಅಟ್ಟ ಹತ್ತಿ ಕೂತೆ. ಹೋಳಿಗೆಯನ್ನು ಮಾತ್ರ ಅಲ್ಲಿಗೇ ತರಿಸಿಕೊಂಡೆ.

ಮುಂದೆ ಓದಿದೆ, ಡಾಕ್ಟರಾದೆ, ಮೈಯೊಳಗಿನದನ್ನು ಯಂತ್ರ ಹಚ್ಚಿ ನೋಡುವ ವಿದ್ಯೆ ಕಲಿತೆ, ಬೈಲಹೊಂಗಲಕ್ಕೆ ಬಂದು ಸೆಂಟರ್ ತೆರೆದೆ. ದಿನವೂ ಬಸಿರು ಹೆಂಗಸರು, ಮೂತ್ರಪಿಂಡದ ಹರಳು, ಹೊಟ್ಟೆನೋವು. ಬೇಸರವೇನಿಲ್ಲ, ಕೂಸಿನ ಎದೆ ಬಡಿತ ಕೇಳಿದಾಗ ಇಂದಿಗೂ ಖುಷಿಯಾಗುತ್ತದೆ. ಆದರೆ ಪುಸ್ತಕದಲ್ಲಿ ಓದಿ ರೋಮಾಂಚನಗೊಂಡ ಎಷ್ಟೋ ಸಂಗತಿಗಳು ನನ್ನ ಪರದೆಯ ಮೇಲೆ ಯಾವತ್ತಾದರೂ ಬಂದಾವೇ ಎಂದು ಒಳಗೊಳಗೆ ಆಸೆ ಇತ್ತು. ಬರುವಾಗ ಕಾಕಾ ಅವರ ತಲೆಯ ಮೂಲಕ ಬರುತ್ತವೆ ಎಂದು ಯಾರಿಗೆ ಗೊತ್ತಿತ್ತು?

ಒಂದು ರವಿವಾರ ತವರಿಗೆ ಹೋದೆ. ಕಾರು ಓಣಿಗೆ ತಿರುಗುತ್ತಲೇ ಕಂಡದ್ದು ಕಟ್ಟೆಯ ಮೇಲೆ ಕೂತ ಕಾಕಾ. ಬರಿದಲೆ! ನಮ್ಮ ಕಡೆ ಹಿರಿಯ ಗಂಡಸು ಪಟಕಾ ತೆಗೆದಿಟ್ಟು ಬಾಗಿಲಲ್ಲಿ ಕೂತರೆ ಅದಕ್ಕೆ ಒಂದೇ ಅರ್ಥ. ಮನೆಯಲ್ಲಿ ಯಾರೋ ಹೋಗಿದ್ದಾರೆ. ಕಾರನ್ನು ನಡುಓಣಿಯಲ್ಲೇ ಬಿಟ್ಟು ಓಡಿದೆ.

"ಕಾಕಾ, ಯಾರ ಹೋದ್ರೀ?"

"ನೀನೂ ಶುರು ಹಚ್ಚಿದೇನ್ ಮತ್ತ?" ಕಾಕಾ ಕಿಡಿಕಿಡಿಯಾದರು. ಒಳಗಿನಿಂದ ಕಾಕು, ಅಂದರೆ ಅವರ ಹೆಂಡತಿ, ನಗುತ್ತ ಹೊರಗೆ ಬಂದರು. "ಬಾರವಾ ಒಳಗ. ಸತ್ತಾಕಿ ನಾನ. ನಿಮ್ಮ ಕಾಕಾ ನನ್ನ ಸಾಯಿಸಿ ಕುಂತಾರ."

ಆದದ್ದು ಇಷ್ಟು. ಕೆಲವು ವಾರಗಳಿಂದ ಕಾಕಾ ಅವರಿಗೆ ತಲೆನೋವು. ತಲೆಗೆ ಏನೂ ತಾಗುವ ಹಾಗಿಲ್ಲ, ಬಾಚಲು ಹಣಿಗೆ ಹಚ್ಚುವ ಹಾಗಿಲ್ಲ, ತಲೆದಿಂಬಿನ ಮೇಲೆ ಮಗ್ಗುಲಾಗುವ ಹಾಗಿಲ್ಲ. ಹುಟ್ಟಿದಾಗಿನಿಂದ ಕಟ್ಟಿಕೊಂಡು ಬಂದಂತಿದ್ದ ಪಟಕಾ ಗೂಟಕ್ಕೆ ಹೋಯಿತು. ಬರಿದಲೆಯ ಕಾಕಾ ಅವರನ್ನು ಮನೋಳಿಯ ಯಾರೋ ಬಸ್ಸಿನ ಕಿಟಕಿಯಿಂದ ನೋಡಿದರು. ಮನೋಳಿ ಕಾಕು ಅವರ ತವರು. ಬಸ್ಸು ಅಲ್ಲಿಗೆ ಮುಟ್ಟುವುದರೊಳಗೆ ಕಾಕು ತೀರಿಕೊಂಡಿದ್ದರು! ಅವರ ತಮ್ಮಂದಿರು, ನಾದಿನಿಯರು ಟೆಂಪೋ ಮಾಡಿಕೊಂಡು, ಹೂಮಾಲೆ ಹಿಡಿದುಕೊಂಡು, ಓಣಿಯ ಬಾಯಿಂದಲೇ ಹಾಡಿ ಹಾಡಿ ಅಳುತ್ತ ಬಂದಿಳಿದರು. ಕಾಕು ಹಿಟ್ಟು ಹತ್ತಿದ ಕೈಯಲ್ಲೇ ಬಾಗಿಲಿಗೆ ಬಂದು, "ಯಾರ ಸತ್ತಾರಬೇ, ಇಷ್ಟ ಛಂದ ಅಳಾಕತ್ತೀರಿ?" ಅಂದರಂತೆ. ಬಂದವರಿಗೆಲ್ಲ ರೊಟ್ಟಿ ಬಡಿದು ಹಾಕುವುದರೊಳಗೆ ನಿಜವಾಗಿ ಸಾಯುವುದೊಂದು ಬಾಕಿ ಇತ್ತು ಎಂದು ಹೇಳುತ್ತ ಕಾಕು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಾನೂ ನಕ್ಕೆ. ಕಾಕಾ ನಗಲಿಲ್ಲ.

"ಬರಿದಲಿ ಇದ್ದಾಂವನ ಕೈಯಾಗ ಮದಿಮಗನ ತಲಿ ಯಾರ ಕೊಡ್ತಾರ ಹೇಳು" ಅಂದರು. ನಿಜವೇ. ಮದುವೆಯ ದಿನಗಳು ಹತ್ತಿರ ಬರುತ್ತಿದ್ದವು, ಒಬ್ಬರೂ ಅವರ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಊಟಕ್ಕೆ ಕೂತೆವು. ಕಾಕಾ ಕಡಕ್ ರೊಟ್ಟಿಯನ್ನು ಮುರಿದು ಬೇಳೆಯಲ್ಲಿ ನೆನೆಹಾಕಿದರು. ನನಗೆ ಅಚ್ಚರಿ. ಕಡಕ್ ರೊಟ್ಟಿಯನ್ನು ಹಪ್ಪಳದ ಹಾಗೆ ಕಟಕಟ ಕಡಿಯುವ ಮನುಷ್ಯ ಅವರು. ನೆನೆದ ರೊಟ್ಟಿಯನ್ನೂ ನಾಲ್ಕು ಸಲ ಅಗಿದು, ನಿಲ್ಲಿಸಿ, ದವಡೆ ಹಿಡಿದುಕೊಂಡು, ಮತ್ತೆ ಅಗಿಯುತ್ತಿದ್ದರು. ಹಲ್ಲಿನ ದೋಷವೆಂದು ಕೀಳಿಸಿಯೂ ಬಂದಿದ್ದರಂತೆ. ಹಲ್ಲು ಹೋಯಿತು, ನೋವು ಇತ್ತು. ನನ್ನ ಕೈಯಲ್ಲಿದ್ದ ತುತ್ತು ಅಲ್ಲಿಗೇ ನಿಂತಿತು. ತಲೆ ಮುಟ್ಟಿದರೆ ನೋವು, ಅಗಿದರೆ ದವಡೆ ನೋವು, ವಯಸ್ಸು ಎಪ್ಪತ್ತು ದಾಟಿದೆ...

"ಕಾಕಾ, ಕಣ್ಣೇನರ ಮಂಜ ಆಗೇತೇನ್ರೀ?"

"ಕಣ್ಣ ಭೇಷ್ ಅದಾವು. ನಿನ್ನೆ ಒಂದಿಷ್ಟ ಎಡಗಣ್ಣಿಗೆ ಪರದಿ ಇಳಿಬಿಟ್ಟಂಗ ಆತು. ಮತ್ತ ತಾನ ಮ್ಯಾಲ ಹೋತು."

ನಾನು ತಾಟು ಬಿಟ್ಟು ಎದ್ದೆ. ಎಂಜಲಗೈ ತೊಳೆದು ಬಂದು ಅವರ ಕಣತಲೆಯ ಮೇಲೆ, ಕಣ್ಣಿಗೂ ಕಿವಿಗೂ ನಡುವೆ ಮೆತ್ತಗೆ ಬೆರಳಿಟ್ಟೆ. ಕಾಕಾ "ಅಯ್ಯಯ್ಯೋ" ಎಂದು ಹಿಂದೆ ಸರಿದರು. ಚರ್ಮದ ಕೆಳಗೆ ರಕ್ತನಾಳ ಹುರಿ ಹಾಕಿದ ಹಗ್ಗದ ಹಾಗೆ ಗಟ್ಟಿಯಾಗಿ ಕೈಗೆ ಹತ್ತಿತು.

ಇದು ಅದೇ ಇರಬೇಕು! ಮೈಯಲ್ಲಿ ಯಾವುದೋ ಎಡವಟ್ಟಿನಿಂದ ತಲೆಯ ದೊಡ್ಡ ರಕ್ತನಾಳಗಳ ಗೋಡೆಗೆ ಉರಿಯೂತ ಹತ್ತುತ್ತದೆ. ಗೋಡೆ ಬಾತು ಒಳಗಿನ ದಾರಿ ಸಣ್ಣದಾಗುತ್ತದೆ. ಕಣ್ಣಿಗೆ ಹೋಗುವ ಕವಲಿನಲ್ಲೂ ಹಾಗೇ ಆದರೆ ಒಂದು ಮುಂಜಾನೆ ಕಣ್ಣು ಹೋಗಿರುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಒಂದು ಹೋದರೆ ಇನ್ನೊಂದೂ ಬಹಳ ದಿನ ನಿಲ್ಲುವುದಿಲ್ಲ. ಪರದೆ ಇಳಿದು ಮೇಲೆ ಹೋದದ್ದು ಎಚ್ಚರಿಕೆ. ಎರಡನೆಯ ಸಲ ಇಳಿದರೆ ಮೇಲೆ ಹೋದೀತೆಂದು ಯಾರು ಹೇಳಬೇಕು? ನನಗೆ ಕೂಡುವುದು ನಿಲ್ಲುವುದು ಒಂದೂ ಆಗಲಿಲ್ಲ.

"ಏಳ್ರಿ ಕಾಕಾ. ಬೈಲಹೊಂಗಲಕ್ಕ ಹೋಗೂಣು."

"ಉಂಡರ ಹೋಗೂಣ ತಡಿಯವಾ."

"ಉಣ್ಣಾಕ ಬ್ಯಾರೆ ದಿನ ಅದಾವು. ಏಳ್ರೀ ಅಂದೆ!"

ಕಾಕಾ ನನ್ನ ದನಿ ಕೇಳಿಯೇ ಎದ್ದರು. ಕಾಕು ರೊಟ್ಟಿ ಕಟ್ಟಿಕೊಂಡು ಹಿಂದೆ ಕೂತರು. ಮನೋಳಿಯ ಸೇತುವೆಯ ಮೇಲೆ ಹೋಗುವಾಗ ಕಾಕಾ ಕಿಟಕಿಯಿಂದ ಹೊರಗೆ ನೋಡುತ್ತ, ನವಿಲುತೀರ್ಥದಿಂದ ನೀರು ಬಿಟ್ಟಿದ್ದಾರೆ, ಹೊಳೆ ತುಂಬಿದೆ ಅಂದರು. ಎರಡೂ ಕಣ್ಣಿಂದ ಕಾಣುತ್ತಿದೆಯೇ ಎಂದು ಕೇಳಿದೆ. ಒಂದೊಂದನ್ನೇ ಅಂಗೈಯಿಂದ ಮುಚ್ಚಿ ನೋಡಿ ಹೌದು ಅಂದರು. ಆಮೇಲೆ ದಾರಿಯುದ್ದಕ್ಕೂ ನಾನು ಎಮ್ಮೆ ತೋರಿಸಿದೆ, ಹಾಲಿನ ಗಾಡಿ ತೋರಿಸಿದೆ, ಮೈಲುಗಲ್ಲು ಓದಿಸಿದೆ. ಯರಗಟ್ಟಿ ದಾಟುವ ಹೊತ್ತಿಗೆ ಅವರಿಗೆ ರೇಗಿಹೋಯಿತು. "ನನ್ನೇನ್ ಕನ್ಯಾ ತೋರಸಾಕ ಒಯ್ಯಾಕತ್ತೀಯೋ, ಎಮ್ಮಿ ತೋರಸಾಕ ಒಯ್ಯಾಕತ್ತೀಯೋ?" ಅಂದರು.

ರವಿವಾರ ಸೆಂಟರ್ ಬಂದ್. ನಾನೇ ಶಟರ್ ಎತ್ತಿದೆ, ಯಂತ್ರ ಹಚ್ಚಿದೆ. ಕಾಕಾ ಅವರನ್ನು ಮಲಗಿಸಿ ಕಣತಲೆಗೆ ಜೆಲ್ ಹಚ್ಚಿ, ಥೈರಾಯಿಡ್ ನೋಡಲು ತರಿಸಿಕೊಂಡಿದ್ದ ಸಣ್ಣ ಪ್ರೋಬನ್ನು, ಅಂದರೆ ಯಂತ್ರದ ಹಿಡಿಕೆಯನ್ನು, ಹೂವು ಇಟ್ಟ ಹಾಗೆ ಇಟ್ಟೆ. ಈ ನಾಳ ಬಹಳ ಸಪೂರ, ಮೇಲಿಂದ ಜೋರಾಗಿ ಒತ್ತಿದರೆ ಒಳ್ಳೆಯ ನಾಳವೂ ಅಡಗಿಬಿಡುತ್ತದೆ. ಮೊದಲು ಏನೂ ಕಾಣಲಿಲ್ಲ. ಒಂದಿಷ್ಟು ಕೆಳಗೆ, ಕಿವಿಯ ಹತ್ತಿರ ಸರಿಸಿದೆ...

ಬಂತು! ನಡುವೆ ಹರಿಯುವ ರಕ್ತ ಕೆಂಪಗೆ, ಅದರ ಸುತ್ತ ದಪ್ಪನೆಯ ಕಪ್ಪು ಉಂಗುರ. ಕುಂಕುಮದ ಬೊಟ್ಟಿನ ಸುತ್ತ ಕಾಡಿಗೆ ತೀಡಿದ ಹಾಗೆ. ಪ್ರೋಬನ್ನು ಮೆಲ್ಲಗೆ ಒತ್ತಿ ನೋಡಿದೆ. ಕೆಂಪು ಅಡಗಿತು, ಕಪ್ಪು ಉಂಗುರ ಅಲುಗದೆ ಕೂತಿತ್ತು. ಉರಿಯೂತದಿಂದ ಬಾತ ಗೋಡೆಯೇ ಹಾಗೆ, ಒತ್ತಿದರೂ ಹೋಗುವುದಿಲ್ಲ. ಈ ಉಂಗುರವನ್ನು ಪುಸ್ತಕದಲ್ಲಿ ನೋಡಿದ್ದೆ, ಗುರುಗಳು ಪರದೆಯ ಮೇಲೆ ತೋರಿಸಿದ್ದನ್ನು ನೋಡಿದ್ದೆ, ನನ್ನ ಕೈಯಿಂದ ಎಂದೂ ಕಂಡಿರಲಿಲ್ಲ.

"ಸಿಕ್ತು! ಕಾಕಾ, ಸಿಕ್ತು!" ಕೂತಲ್ಲೇ ಕೂಗಿದೆ.

"ಏನ್ ಕಳ್ಳ ಸಿಕ್ಕನೇನ?"

"ಕಳ್ಳನ ಸಿಕ್ಕಾನ್ರೀ. ಇಲ್ಲೆ ನೋಡ್ರಿ."

ಪರದೆ ತಿರುಗಿಸಿ ತೋರಿಸಿದೆ. ಕೆಂಪು ಯಾವುದು, ಕಪ್ಪು ಯಾವುದು ಎಂದು ಹೇಳಿದೆ. ಕಾಕಾ ಬಹಳ ಹೊತ್ತು ನೋಡಿದರು. ಕಾಕು ಕುರ್ಚಿಯಿಂದ ಎದ್ದು ಬಂದು ಅವರ ಭುಜದ ಮೇಲಿಂದ ಬಗ್ಗಿ ನೋಡಿದರು.

"ಅಂದ್ರ ನನ್ನ ನರದ ಸುತ್ತ ಯಾವಾಂವೋ ಪಟಕಾ ಸುತ್ಯಾನ ಅನ್ನು" ಅಂದರು ಕಾಕಾ. "ಕೈ ಪಳಗಿಲ್ಲ ಸೂಳೇಮಗಂದು. ಭಾಳ ಬಿಗಿ ಸುತ್ಯಾನ. ಬಿಚ್ಚಾಕ ಬರತೈತೇನು?"

"ಬರತೈತ್ರೀ. ಇವತ್ತ ಬಿಚ್ಚೂಣು."

ಬೆಳಗಾವಿಯಲ್ಲಿದ್ದ ಹಿರಿಯ ವೈದ್ಯರಿಗೆ ಫೋನು ಹಚ್ಚಿದೆ. ಚಿತ್ರ ಕಳಿಸಿದೆ. ಅವರೂ ಆ ಕಡೆಯಿಂದ "ಅರೇ!" ಅಂದರು. ಹಿಂದಿನ ಕಾಲದಲ್ಲಾದರೆ ಕಣತಲೆಯನ್ನು ಕೊಯ್ದು, ನಾಳದ ಚೂರೊಂದನ್ನು ತೆಗೆದು, ದೂರದ ಪ್ರಯೋಗಾಲಯಕ್ಕೆ ಕಳಿಸಿ ದಾರಿ ಕಾಯಬೇಕಿತ್ತು. ದಾರಿ ಕಾಯುವುದರಲ್ಲಿ ಕಣ್ಣು ಕಳೆದುಕೊಂಡವರ ಕಥೆಗಳನ್ನು ನಮ್ಮ ಗುರುಗಳು ಹೇಳುತ್ತಿದ್ದರು. ಇಲ್ಲಿ ಕಾಕಾ ಅವರ ಅರ್ಧ ಊಟ ಇನ್ನೂ ರಾಮದುರ್ಗದ ತಾಟಿನಲ್ಲಿತ್ತು, ರೋಗ ನನ್ನ ಪರದೆಯ ಮೇಲಿತ್ತು! ಪಕ್ಕದ ಲ್ಯಾಬಿನವರಿಗೆ ರಕ್ತ ಕೊಟ್ಟು, ಉರಿಯೂತ ತಗ್ಗಿಸುವ ಔಷಧದ ಮೊದಲ ದೊಡ್ಡ ಡೋಸನ್ನು ಹಿರಿಯರು ಹೇಳಿದಂತೆ ಅಂದೇ ಮಧ್ಯಾಹ್ನ ಶುರು ಮಾಡಿಸಿದೆವು. ಅಲ್ಲಿಂದಲೇ ಕಾಕಾ ಅವರನ್ನು ಬೆಳಗಾವಿಗೆ ಒಯ್ದೆ. ಕಣ್ಣಿನವರೂ ನೋಡಿದರು. ಔಷಧ ಉರಿಯನ್ನು ಪೂರ್ತಿ ಆರಿಸಿಬಿಡುವ ಮೊದಲೇ ಇನ್ನೊಂದು ದೊಡ್ಡ ಸ್ಕ್ಯಾನ್ ಮಾಡಿದರು, ಮೈಯಲ್ಲಿ ಎಲ್ಲೆಲ್ಲಿ ಉರಿಯೂತವಿದೆಯೋ ಅಲ್ಲಲ್ಲಿ ಹೊಳೆದು ತೋರಿಸುವಂಥದ್ದು. ಕಾಕಾ ಅವರ ಎರಡೂ ಕಂಕುಳಿನ ನಾಳಗಳು ಸಣ್ಣಗೆ ಹೊಳೆಯುತ್ತಿದ್ದವು. ಎದೆಯ ಹೆದ್ದಾರಿ, ಅಂದರೆ ಹೃದಯದಿಂದ ಹೊರಡುವ ದೊಡ್ಡ ನಾಳ, ಮಾತ್ರ ಕತ್ತಲಾಗಿತ್ತು, ಅಲ್ಲಿಗೆ ಉರಿ ಮುಟ್ಟಿರಲಿಲ್ಲ. ಕತ್ತಲೆ ಕಂಡು ಅಷ್ಟು ಖುಷಿಪಟ್ಟದ್ದು ನಾನು ಅದೇ ಮೊದಲು.

ಎರಡು ಮೂರು ದಿನ ಕಳೆದು ಮುಂಜಾನೆ ಫೋನು ಬಂತು. ಎತ್ತಿದೆ. ಮಾತಿಲ್ಲ. ಕಟಕಟ ಸಪ್ಪಳವಷ್ಟೇ. ಹಲೋ ಹಲೋ ಅಂದೆ. ಮತ್ತೆ ಕಟಕಟ. ಕಡೆಗೆ ಕಾಕು ಫೋನು ಕಸಿದುಕೊಂಡು, "ಕಡಕ್ ರೊಟ್ಟಿ ತಿನ್ನೂದ ನಿನಗ ಕೇಳಸಾಕತ್ತಾರವಾ, ಹುಚ್ಚ ಮುದುಕ" ಅಂದರು. ನಾನು ಸೆಂಟರಿನ ನಡುವೆ ನಿಂತು ಅತ್ತೆ, ನಕ್ಕೆ, ಎರಡೂ ಮಾಡಿದೆ.

ಔಷಧ ಬಹಳ ಕಾಲ ಬೇಕಾಯಿತು. ಮುಖ ಊದಿಕೊಂಡಿತು, ಸಕ್ಕರೆ ಏರಿತು, ಚಹಾ ಸಪ್ಪಗಾಯಿತು, ಕಾಕಾ ಬೈದರು. ಆದರೆ ಕಣ್ಣು ಉಳಿಯಿತು. ಎರಡೂ ಉಳಿದವು! ಮತ್ತೆ ನೋಡಿಸಿಕೊಳ್ಳಲು ನನ್ನ ಸೆಂಟರಿಗೆ ಬಂದದ್ದು ತಲೆತುಂಬ ಪಟಕಾ ಸುತ್ತಿಕೊಂಡು. ಅದನ್ನು ಬಿಚ್ಚಿಸಿ ಪ್ರೋಬ್ ಇಟ್ಟೆ. ಕಪ್ಪು ಉಂಗುರ ಕರಗಿ ಕರಗಿ ಎಳೆಯಷ್ಟು ಉಳಿದಿತ್ತು. ಕಾಕಾ ಎದ್ದು ಕೂತು ಜೆಲ್ ಒರೆಸಿಕೊಂಡರು. ತಂದಿದ್ದ ಚೀಲದಿಂದ ಗಂಜಿ ಹಾಕಿ ಇಸ್ತ್ರಿ ಮಾಡಿದ ಹೊಸ ಕೇಸರಿ ಅರಿವೆ ತೆಗೆದರು.

"ಕುಂಡ್ರು" ಅಂದರು.

"ಹೆಣ್ಣಮಕ್ಕಳ ತಲಿ ಮ್ಯಾಲ ಭಾರ ಬ್ಯಾಡ ಅಂದಿದ್ರಿ."

"ಆಗ ನೀ ಸಣ್ಣಾಕಿ, ಈಗ ನನ್ನ ಭಾರ ಹೊತ್ತಿ. ಹೊತ್ತವರಿಗೆ ಸುತ್ತತೀವಿ. ಸುಮ್ನ ಕುಂಡ್ರು."

ಅರಿವೆಯ ಆ ತುದಿಯನ್ನು ಕಾಕು ಹಿಡಿದು ಹೊರಗೆ ಬಸಿರು ಹೆಂಗಸರು ಕೂತಿದ್ದ ಬೆಂಚಿನವರೆಗೆ ಹೋದರು. ಕಾಕಾ ಹುರಿ ಹಾಕುತ್ತ ಬಂದರು. ಹೆಂಗಸರು ಬಾಯಿ ಬಿಟ್ಟು ನೋಡಿ, ಆಮೇಲೆ ಚಪ್ಪಾಳೆ ಹೊಡೆದರು. ನಾನು ಕನ್ನಡಿ ನೋಡಿಕೊಂಡೆ. ಎಂಥಾ ಚೆಂದ ಕಂಡೆ ಅಂತೀರಿ! ಆ ದಿನ ಉಳಿದ ಸ್ಕ್ಯಾನುಗಳನ್ನೆಲ್ಲ ಪಟಕಾ ಸುತ್ತಿಕೊಂಡೇ ಮಾಡಿದೆ.

ಒಂದು ಮಾತು ಗಮನಕ್ಕೆ ಬಂತು. ಸುತ್ತುವಾಗ ಕಾಕಾ ಕಣತಲೆಯ ಹತ್ತಿರ ತಮ್ಮ ತೋರುಬೆರಳನ್ನು ಅರಿವೆಯ ಒಳಗಿಟ್ಟು, ಅದರ ಮೇಲೆ ಸುತ್ತಿ, ಆಮೇಲೆ ಬೆರಳು ಎಳೆದುಕೊಂಡರು. ಹಿಂದೆ ಹಾಗೆ ಮಾಡುತ್ತಿರಲಿಲ್ಲ. ಕೇಳಿದರೆ, ಅಲ್ಲಿ ಜೀವ ಹರಿಯುತ್ತದೆ ಅಂದರು. ಪಟಕಾ ಬಿಗಿಯಾಗಿ ಈ ರೋಗ ಬರುವುದಿಲ್ಲ ಕಾಕಾ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಪರಿಪರಿಯಾಗಿ ಹೇಳಿದೆ.

"ಬರಲಿಕ್ಕಿಲ್ಲ ಬಿಡು. ಆದ್ರ ನಾ ಕಣ್ಣಾರೆ ಕಂಡೇನಿ, ನಿನ್ನ ಟಿವಿಯೊಳಗ. ಕಂಡ ಮ್ಯಾಲ ಒತ್ತಿ ಕಟ್ಟಾಕ ಮನಸ ಬರೂದಿಲ್ಲ."

ಅಂದಿನಿಂದ ಅವರು ಸುತ್ತಿದ ಪಟಕಾಗಳೆಲ್ಲ ಒಂದು ಬೆರಳು ಸಡಿಲ. ಕುಣಿಯುವ ಮದುಮಕ್ಕಳ ಪಟಕಾ ಒಂದಿಷ್ಟು ವಾಲುತ್ತಿತ್ತು. ಯಾರಾದರೂ ಆಕ್ಷೇಪಿಸಿದರೆ, "ಬೈಲಹೊಂಗಲದ ಡಾಕ್ಟರ್ ಹೇಳ್ಯಾರ" ಎಂದು ನನ್ನ ಕೊರಳಿಗೆ ಕಟ್ಟಿಬಿಡುತ್ತಿದ್ದರು. ನಾನು ಎಲ್ಲಿ ಹೇಳಿದ್ದೆ!

ಕಾಕಾ ಹೋಗಿ ಎರಡು ಮಳೆಗಾಲ ಆದವು. ಆ ರೋಗದಿಂದಲ್ಲ, ಜ್ವರ ಬಂತು, ಎದೆಗಿಳಿಯಿತು, ಹೋದರು. ಹೋಗುವ ದಿನವೂ ಬಾಗಿಲಲ್ಲಿ ಬಂದವರನ್ನು ಹೆಸರು ಹಿಡಿದು ಕರೆದರಂತೆ, ಕಣ್ಣು ಅಷ್ಟು ಚೊಕ್ಕ. ನಾನು ಮುಟ್ಟುವ ಹೊತ್ತಿಗೆ ಅವರನ್ನು ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂಮಾಲೆ ಹಾಕಿದ್ದರು. ತಲೆಗೆ ಪಟಕಾ ಸುತ್ತಬೇಕು. ಊರಿನ ಅರ್ಧ ಗಂಡಸರು ಅಲ್ಲೇ ಇದ್ದರು, ಎಲ್ಲರೂ ಕಾಕಾ ಅವರಿಂದ ಸುತ್ತಿಸಿಕೊಂಡವರೇ, ಸುತ್ತಲು ಕಲಿತವರು ಒಬ್ಬರೂ ಇಲ್ಲ. ಅವರ ಮಗ ಅಳುತ್ತ ಹೇಗೋ ಸುತ್ತಿದ. ಬಿಗಿಯಾಗಿತ್ತು. ಸ್ವಲ್ಪ ಸಡಿಲಿಸಿ ಎಂದೆ. ಸತ್ತವರಿಗೆ ಬಿಗಿಯೇನು ಸಡಿಲೇನು ಎಂದು ಯಾರೋ ಗೊಣಗಿದರು. ಕಾಕು ಮಾತ್ರ, "ನೀನ ಮಾಡವಾ" ಅಂದರು. ನಾನು ಅರಿವೆಯ ಒಳಗೆ ಬೆರಳು ತೂರಿಸಿದೆ. ಎಷ್ಟೋ ಸಲ ಪ್ರೋಬ್ ಇಟ್ಟು ಹುಡುಕಿದ ಜಾಗ ಅದು. ಬೆರಳು ರೂಢಿಯಂತೆ ಅಲ್ಲಿ ಕಾದು ಕೂತಿತು... ಏನೂ ಬಡಿಯಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಈಗ ಗಂಟು ಇಳಿಸಿದ ಕಾರಣ. ಮೊನ್ನೆ ಕಾಕಾ ಅವರ ಮೊಮ್ಮಗನ ಮದುವೆ ಇತ್ತು, ಮನೋಳಿಯಲ್ಲಿ. ಈಗೆಲ್ಲ ಟೊಪ್ಪಿಗೆಯ ಹಾಗೆ ಹೊಲಿದ ರೆಡಿಮೇಡ್ ಪಟಕಾಗಳು ಡಬ್ಬಿಯಲ್ಲಿ ಬರುತ್ತವೆ. ಹುಡುಗ ಒಲ್ಲೆ ಅಂದ. ಫೋನು ಮಾಡಿ, "ಅತ್ತಿ, ಅಜ್ಜನ ಕೈಯಾಗ ಸುತ್ತಿದ್ದು ಉಳದಿದ್ದು ನಿಮ್ಮದೊಂದ ಅಂತ. ಅದನ್ನ ಹಾಕ್ಕೊಂತೇನ್ರಿ" ಅಂದ. ಕೊಡಲು ಕೈ ಬರಲಿಲ್ಲ. ಒಂದು ಸಲ ಬಿಚ್ಚಿದರೆ ಮತ್ತೆ ಹಾಗೆ ಸುತ್ತುವವರು ಈ ಕಡೆ ಯಾರೂ ಇಲ್ಲ. ಅದೂ ಅಲ್ಲದೆ ನನ್ನ ತಲೆಯ ಅಳತೆಗೆ ಸುತ್ತಿದ್ದು, ಅವನದು ಗಂಡಸಿನ ದೊಡ್ಡ ತಲೆ. ಹಿಡಿಸದಿದ್ದರೆ ಹುಡುಗ ಒತ್ತಿ ಹಾಕಿಕೊಂಡಾನು, ನಿರಿಗೆ ಹರಿದೀತು. ಆದರೂ ಒಯ್ದೆ.

ಮದುವೆ ಮನೆಯಲ್ಲಿ ಕಾಕು ಕುರ್ಚಿಯ ಮೇಲೆ ಕೂತು ನೋಡುತ್ತಿದ್ದರು. ಮೊಮ್ಮಗ ಮಣೆಯ ಮೇಲೆ ಕೂತ. ನಾನು ಪಟಕಾವನ್ನು ಅವನ ತಲೆಯ ಮೇಲೆ ಇಳಿಸಿದೆ. ಹಣೆಯ ಹತ್ತಿರ ತಡೆಯಿತು. ಎರಡೂ ಕೈಯಿಂದ ಮೆಲ್ಲಗೆ ಅದುಮಿದೆ. ಆ ಒಂದು ಬೆರಳಿನ ಸಡಿಲು ಇತ್ತಲ್ಲ, ಅದೆಲ್ಲ ಖರ್ಚಾಗಿ, ಪಟಕಾ ಅವನಿಗೆಂದೇ ಸುತ್ತಿದ ಹಾಗೆ ಕೂತುಬಿಟ್ಟಿತು! ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡರು.

ಈಗ ಒಳಗೆ ಬೆರಳು ಹಾಕಲು ಜಾಗ ಉಳಿದಿರಲಿಲ್ಲ. ಹೊರಗಿನಿಂದಲೇ, ಅರಿವೆಯ ಮೇಲೆ ಬೆರಳಿಟ್ಟೆ. ಗಂಜಿ ಹಾಕಿದ ಬಟ್ಟೆಯ ಕೆಳಗೆ ಹುಡುಗನ ನಾಳ ಟಕ್ ಟಕ್ ಎಂದು ಬಡಿಯುತ್ತಿತ್ತು. "ಬಿಗಿ ಆತೇನೋ?" ಎಂದು ಕೇಳಿದೆ. ಇಲ್ಲ ಅಂದ. ಹೊರಗೆ ಬಾಜಾದವರು ಶುರು ಮಾಡಿದರು, ಅವನು ಎದ್ದು ಹೋದ. ಪಟಕಾ ಅವನ ಹತ್ತಿರವೇ ಉಳಿಯಿತು. ನನ್ನ ಕಪಾಟಿನಲ್ಲಿ ಈಗ ಆ ವಾಸನೆ ಇಲ್ಲ.